ಈ ಅಗಲ 16 ಮಿಲಿಮೀಟರ್ ಯಾಕೆ? ಬಲೆ ಸೂಜಿಯಿಂದ ಕಲಿಯುವ ತ್ರೀಡಿ ವಿನ್ಯಾಸ

ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ, ಕಂಪ್ಯೂಟರಿನಲ್ಲಿ ತ್ರೀಡಿ ಮಾಡೆಲ್ ಮಾಡಬಲ್ಲ ಮಕ್ಕಳಿಗೆ ಈಗ ಕೊರತೆಯಿಲ್ಲ. ಡಿಪ್ಲೊಮಾದವರು ಕಲಿಯುತ್ತಾರೆ, ಎಂಜಿನಿಯರಿಂಗಿನವರು ಕಲಿಯುತ್ತಾರೆ, ಯೂಟ್ಯೂಬ್ ನೋಡಿ ಪಿಯುಸಿಯವರೂ ಕಲಿಯುತ್ತಾರೆ. ಪುಸ್ತಕದಿಂದ ಒಂದು ಬ್ರಾಕೆಟ್ಟಿನ (ಭಾಗಗಳನ್ನು ಹಿಡಿದಿಡುವ ತುಂಡು) ಚಿತ್ರ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ತಿರುಗಿಸಿ ತೋರಿಸುತ್ತಾರೆ. ಆಗ ಸುಮ್ನೆ ಒಂದು ಪ್ರಶ್ನೆ ಕೇಳಿ ನೋಡಿ. "ಈ ತೂತು 12 ಮಿಲಿಮೀಟರ್ ಯಾಕೆ?" ಉತ್ತರ ಹೆಚ್ಚುಕಮ್ಮಿ ಒಂದೇ: "ಚಿತ್ರದಲ್ಲಿ ಹಾಗೇ ಇತ್ತು ಸರ್."

ಮಕ್ಕಳದ್ದೇನೂ ತಪ್ಪಿಲ್ಲ. ಯಾವ ಬಟನ್ ಎಲ್ಲಿದೆ ಅಂತ ನಾವು ಮೇಷ್ಟರುಗಳು ಕಲಿಸಿದ್ದೇವೆ, ಅದನ್ನು ಅವರು ಕಲಿತಿದ್ದಾರೆ. ಆದರೆ ವಸ್ತು ವಿನ್ಯಾಸ ಅಂದರೆ ಮುಖ್ಯವಾಗಿ ಆ 'ಯಾಕೆ'ಗೆ ಉತ್ತರ ಹುಡುಕುವ ಕೆಲಸ. ತ್ರೀಡಿ ತಂತ್ರಾಂಶ ಅದಕ್ಕೆ ಒಳ್ಳೆಯ ಸಾಧನ, ಏಕೆಂದರೆ ಅದು ಪ್ರತಿ ಗೆರೆಗೂ ಒಂದು ಅಳತೆ ಕೇಳುತ್ತದೆ. ಕಾಗದದ ಮೇಲೆ ಅಂದಾಜಿಗೆ ಎಳೆದು ಮುಂದೆ ಹೋಗಬಹುದು. ಇಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಅದು ಹೇಗೆ ಅನ್ನುವುದನ್ನು ಒಂದು ಸಣ್ಣ ವಸ್ತು ಹಿಡಿದುಕೊಂಡೇ ನೋಡೋಣ. ಮೀನುಗಾರರು ಬಲೆ ಹೆಣೆಯುವ ಸೂಜಿ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲೋ ಅಘನಾಶಿನಿ ನದಿ ಕಡಲು ಸೇರುವ ತದಡಿಯಲ್ಲೋ ಆಗ ಹೋದರೆ ಬಲೆ ರಿಪೇರಿ ಮಾಡುತ್ತ ಕೂತವರು ಸಿಗುತ್ತಾರೆ. ಅವರ ಕೈಯಲ್ಲಿರುವುದೇ ಈ ಸೂಜಿ. ಚಪ್ಪಟೆ ಪ್ಲಾಸ್ಟಿಕ್ಕಿನದ್ದು, ಮುಂದೆ ಚೂಪು. ನಡುವೆ ಉದ್ದನೆಯ ಕಿಂಡಿ. ಕಿಂಡಿಯೊಳಗೆ ಮೂತಿಯ ಕಡೆಗೆ ಚಾಚಿದ ಒಂದು ನಾಲಿಗೆ. ಹಿಂದೆ ಎರಡು ಕವಲು. ದಾರವನ್ನು ನಾಲಿಗೆಗೆ ಸಿಕ್ಕಿಸಿ, ಹಿಂದಿನ ಕವಲಿನಲ್ಲಿ ಹಾಯಿಸಿ, ಮಗುಚಿ ಮತ್ತೆ ನಾಲಿಗೆಗೆ ಸಿಕ್ಕಿಸುತ್ತ ತುಂಬುತ್ತಾರೆ. ಇಷ್ಟೇ ವಸ್ತು. ಆದರೆ ವಿನ್ಯಾಸದ ಮೊದಲ ಪಾಠಗಳೆಲ್ಲ ಇದರಲ್ಲಿವೆ.

ಮೊದಲ ತರಗತಿಯಲ್ಲಿ ಕಂಪ್ಯೂಟರ್ ಬೇಡ. ಒಂದು ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಸಾಧನ), ನೋಟ್‌ಬುಕ್, ಪೆನ್ಸಿಲ್ ಸಾಕು. ಬಂದರಿಗೆ ಹೋಗಿ ಕೂತು ನೋಡಬೇಕು, ಆಮೇಲೆ ಕೇಳಬೇಕು. "ಅಣ್ಣಾ, ಸೂಜಿ ಇಷ್ಟೇ ಅಗಲ ಯಾಕೆ?" ಅಂದರೆ "ಕಣ್ಣಲ್ಲಿ ಹೋಗ್ಬೇಕಲ್ಲ ಮಾರಾಯ" ಅನ್ನುವ ಉತ್ತರ ಬರುತ್ತದೆ. ಅಗಲವನ್ನು ತೀರ್ಮಾನಿಸುವುದು ಬಲೆಯ ಕಣ್ಣು ಅಂತ ಅಲ್ಲೇ ಗೊತ್ತಾಯಿತು. ಹಾಗಾದರೆ ಆದಷ್ಟು ಸಣ್ಣ ಸೂಜಿ ಮಾಡಿದರೆ ಆಯ್ತಲ್ಲ? ಇಲ್ಲ. ಸಣ್ಣ ಸೂಜಿಯಲ್ಲಿ ದಾರ ಕಡಿಮೆ ಹಿಡಿಯುತ್ತದೆ. ಗಳಿಗೆಗೊಮ್ಮೆ ಕೆಲಸ ನಿಲ್ಲಿಸಿ ದಾರ ತುಂಬಬೇಕು. ದೊಡ್ಡದಾದರೆ ಕಣ್ಣಿನಲ್ಲಿ ತೂರುವುದಿಲ್ಲ, ಸಣ್ಣದಾದರೆ ಕೆಲಸ ಸಾಗುವುದಿಲ್ಲ. ಎರಡು ಬೇಡಿಕೆಗಳು ಹೀಗೆ ಎದುರುಬದುರು ನಿಂತಾಗ ನಡುವೆ ಒಂದು ಜಾಗ ಆರಿಸುವುದಕ್ಕೇ ವಿನ್ಯಾಸ ಅನ್ನುವುದು. ಈ ಎಳೆದಾಟ ಇಲ್ಲದ ವಸ್ತುವನ್ನು ಪಾಠಕ್ಕೆ ಆರಿಸಬೇಡಿ. ಕೀ ಚೈನಿನಲ್ಲಿ ಹೆಸರು ಬರೆಯುವುದು ಮಕ್ಕಳಿಗೆ ಖುಷಿ ಕೊಡುತ್ತದೆ ನಿಜ, ಆದರೆ ಅದರಲ್ಲಿ ತೀರ್ಮಾನಿಸಬೇಕಾದ್ದು ಏನೂ ಇರುವುದಿಲ್ಲ.

ಇನ್ನು ಕಂಪ್ಯೂಟರಿಗೆ ಬರೋಣ. ಹೆಚ್ಚಿನ ತ್ರೀಡಿ ತಂತ್ರಾಂಶಗಳಲ್ಲಿ ಕೆಲಸ ಶುರುವಾಗುವುದು ಸ್ಕೆಚ್‌ನಿಂದ. ಒಂದು ಸಮತಲ ಆರಿಸಿಕೊಂಡು ಅದರ ಮೇಲೆ ವಸ್ತುವಿನ ಹೊರಗೆರೆ ಎಳೆಯುತ್ತೇವೆ. ಮೊದಲ ಸಲ ಎಳೆದ ಗೆರೆಗಳಿಗೆ ಯಾವ ಶಿಸ್ತೂ ಇರುವುದಿಲ್ಲ. ಮೌಸಿನಲ್ಲಿ ಹಿಡಿದು ಎಳೆದರೆ ಎಲ್ಲೆಂದರಲ್ಲಿ ಹೋಗುತ್ತವೆ. ಅವುಗಳಿಗೆ ಒಂದೊಂದಾಗಿ ಕಟ್ಟು ಹಾಕಬೇಕು. ಈ ಎರಡು ಗೆರೆ ಸಮಾನಾಂತರ. ಈ ಬಿಂದು ನಡುಗೆರೆಯ ಮೇಲೇ ಇರಬೇಕು. ಎಡಬದಿ ಬಲಬದಿ ಒಂದೇ ಥರ. ಇವಕ್ಕೆ ಕನ್‌ಸ್ಟ್ರೇಂಟ್ ಅನ್ನುತ್ತಾರೆ. ಎಲ್ಲ ಕಟ್ಟು ಹಾಕಿ ಮುಗಿದಾಗ ಯಾವ ಗೆರೆಯೂ ಅಲುಗಾಡುವುದಿಲ್ಲ. ಫ್ರೀಕ್ಯಾಡ್ ಅನ್ನುವ ತಂತ್ರಾಂಶದಲ್ಲಾದರೆ ಸ್ಕೆಚ್ ಪೂರ್ತಿ ಹಸಿರಾಗುತ್ತದೆ. ಮಕ್ಕಳಿಗೆ ಈ ಹಸಿರು ಬರುವುದು ಒಂದು ಹಬ್ಬ.

ಇದು ಹೊಸ ಯೋಚನೆಯೇನಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲ್ಯಾಂಡ್ ಅನ್ನುವವರು ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಅನ್ನುವ ಪ್ರೋಗ್ರಾಂ ಬರೆದರು. ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದು, ಇವೆರಡು ಸಮಾನಾಂತರ, ಇವೆರಡು ಒಂದೇ ಉದ್ದ ಅಂತ ಹೇಳಿದರೆ ಯಂತ್ರವೇ ಚಿತ್ರ ಸರಿಪಡಿಸುತ್ತಿತ್ತು. 1988ರಲ್ಲಿ ಬಂದ ಪ್ರೋ ಎಂಜಿನಿಯರ್ ಅನ್ನುವ ತಂತ್ರಾಂಶ ಇದೇ ಯೋಚನೆಯನ್ನು ಘನವಸ್ತುಗಳಿಗೆ ತಂದು ಕಾರ್ಖಾನೆಗಳಿಗೆ ಮುಟ್ಟಿಸಿತು. ಇವತ್ತಿನ ಸಾಲಿಡ್‌ವರ್ಕ್ಸ್, ಫ್ಯೂಷನ್, ಆನ್‌ಶೇಪ್, ಫ್ರೀಕ್ಯಾಡ್ ಎಲ್ಲ ಅದೇ ದಾರಿಯವು.

ಸ್ಕೆಚ್‌ಗೆ ದಪ್ಪ ಕೊಟ್ಟು ಘನವಸ್ತು ಮಾಡುವುದು ಎಕ್ಸ್‌ಟ್ರೂಡ್. ನಮ್ಮ ಸೂಜಿಗೆ 3 ಮಿಲಿಮೀಟರ್ ದಪ್ಪ ಕೊಟ್ಟರೆ ವಸ್ತು ಎದ್ದು ನಿಲ್ಲುತ್ತದೆ. ಅಲ್ಲಿಗೆ ಮುಗಿಯಿತು ಅಂತ ಅನಿಸುತ್ತದೆ. ನಿಜವಾದ ಪಾಠ ಶುರುವಾಗುವುದೇ ಆಮೇಲೆ.

ಬಲೆಯ ಕಣ್ಣನ್ನು ಎಳೆದು ಹಿಡಿದಾಗ ಎದುರುಬದುರು ಗಂಟುಗಳ ನಡುವಿನ ಅಂತರ 40 ಮಿಲಿಮೀಟರ್ ಅಂತಿಟ್ಟುಕೊಳ್ಳೋಣ. ಸೂಜಿ ಸಲೀಸಾಗಿ ತೂರಲಿ ಅಂತ ಅಗಲವನ್ನು ಅದರ ನೂರಕ್ಕೆ ನಲವತ್ತು ಭಾಗ ಇಡುತ್ತೇವೆ. ಇದು ಶಾಸ್ತ್ರವಲ್ಲ, ಪಾಠಕ್ಕೆ ಹಿಡಿದುಕೊಂಡ ಲೆಕ್ಕ. 16 ಮಿಲಿಮೀಟರ್ ಬಂತು. ಈಗ ತಂತ್ರಾಂಶದಲ್ಲಿ 16 ಅಂತ ಟೈಪ್ ಮಾಡುವ ಬದಲು 'ಕಣ್ಣು × 0.4' ಅಂತ ಬರೆಯುತ್ತೇವೆ. ಕಣ್ಣು ಅನ್ನುವುದು ಒಂದು ಪ್ಯಾರಾಮೀಟರ್, ಅಂದರೆ ಹೆಸರಿಟ್ಟ ಸಂಖ್ಯೆ. ಅದನ್ನು ಒಂದು ಕಡೆ ಬದಲಿಸಿದರೆ ಸೂಜಿ ತಾನೇ ಬದಲಾಗುತ್ತದೆ.

ಕಿಂಡಿಯ ಎರಡು ಬದಿಯ ಗೋಡೆ ತಲಾ 2.5 ಮಿಲಿಮೀಟರ್ ಇಟ್ಟರೆ ಕಿಂಡಿಯ ಅಗಲ 11 ಉಳಿಯಿತು. ನಾಲಿಗೆ 4 ಮಿಲಿಮೀಟರ್ ಇಟ್ಟರೆ ಅದರ ಎರಡು ಪಕ್ಕದಲ್ಲಿ ತಲಾ 3.5 ಸಂದು. 1 ಮಿಲಿಮೀಟರ್ ದಾರ ಆರಾಮಾಗಿ ಓಡಾಡುತ್ತದೆ. ಎಲ್ಲ ಚೆನ್ನಾಗಿದೆ ಅಲ್ವಾ?

ಈಗ ಕಣ್ಣು 24 ಮಿಲಿಮೀಟರ್ ಅಂತ ಬದಲಿಸಿ. ಅಗಲ 9.6 ಆಯ್ತು. ಎರಡು ಗೋಡೆ ಕಳೆದರೆ ಕಿಂಡಿ 4.6. ಅದರಲ್ಲಿ 4 ಮಿಲಿಮೀಟರ್ ನಾಲಿಗೆಯೇ ತಿಂದಿತು. ಉಳಿದ ಸಂದು ಪಕ್ಕಕ್ಕೆ 0.3. ದಾರ ಹೋಗುವ ಮಾತೇ ಇಲ್ಲ. ಆದರೆ ಪರದೆಯಲ್ಲಿ ಕೆಂಪು ಬಣ್ಣ ಬರಲಿಲ್ಲ, ತಪ್ಪು ಅಂತ ಯಾವ ಸೂಚನೆಯೂ ಇಲ್ಲ. ರೇಖಾಗಣಿತದ ಮಟ್ಟಿಗೆ ಮಾಡೆಲ್ ಸರಿಯಾಗಿಯೇ ಇದೆ. ದಾರ ಅನ್ನುವುದೊಂದಿದೆ ಅಂತ ತಂತ್ರಾಂಶಕ್ಕೆ ನಾವು ಹೇಳೇ ಇಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು?

ತರಗತಿಯಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ದಾರದ ದಪ್ಪವನ್ನೂ ಒಂದು ಪ್ಯಾರಾಮೀಟರ್ ಮಾಡಿ, ಸಂದು ಅದರ ಒಂದೂವರೆ ಪಟ್ಟು ಅಂತ ಬರೆಯೋಣ. ಎರಡು ಪಕ್ಕ ಸೇರಿ 3 ಹೋಯಿತು. 4.6ರಲ್ಲಿ 3 ಕಳೆದರೆ ನಾಲಿಗೆಗೆ 1.6 ಮಾತ್ರ. ಅಷ್ಟು ಸಪೂರ ನಾಲಿಗೆ ತಡೆಯುತ್ತದಾ? ಬದಿಯ ಗೋಡೆಯನ್ನು 2ಕ್ಕೆ ಇಳಿಸಿದರೆ ನಾಲಿಗೆ 2.6 ಆಗುತ್ತದೆ. ಜೊತೆಗೆ ಅಗಲದ ಲೆಕ್ಕವನ್ನು 0.45ಕ್ಕೆ ಏರಿಸಿದರೆ 3.8ರವರೆಗೂ ಹೋಗಬಹುದು, ಆದರೆ ಸೂಜಿ ಕಣ್ಣಿನಲ್ಲಿ ಸ್ವಲ್ಪ ಬಿಗಿಯಾದೀತು. ಇನ್ನೊಂದು ದಾರಿಯೂ ಇದೆ. ಸಣ್ಣ ಕಣ್ಣಿನ ಬಲೆಗೆ ಸಾಮಾನ್ಯವಾಗಿ ದಾರವೂ ತೆಳ್ಳಗಿರುತ್ತದೆ. ಅದನ್ನು ಬಂದರಿನಲ್ಲಿ ಗಮನಿಸಿದ ಹುಡುಗಿ ಮೊದಲು ದಾರದ ಸಂಖ್ಯೆಯನ್ನು ತಿದ್ದುತ್ತಾಳೆ. ಗಮನಿಸದವನು ಗೋಡೆ ಕೊರೆಯುತ್ತ ಕೂರುತ್ತಾನೆ. ಯಾವ ಅಳತೆ ಯಾವುದನ್ನು ಅವಲಂಬಿಸಿದೆ ಅಂತ ಮಾಡೆಲ್ಲಿನೊಳಗೆ ಹೀಗೆ ಬರೆದಿಡುವುದಕ್ಕೆ ವಿನ್ಯಾಸಕಾರರು ಡಿಸೈನ್ ಇಂಟೆಂಟ್ ಅನ್ನುತ್ತಾರೆ. ಇಷ್ಟು ಕಲಿತರೆ ಅರ್ಧ ಕೋರ್ಸ್ ಮುಗಿಯಿತು ಅಂತಲೇ ನನ್ನ ಲೆಕ್ಕ.

ತಂತ್ರಾಂಶ ಒಂದು ಪಟ್ಟಿಯನ್ನೂ ಇಟ್ಟುಕೊಂಡಿರುತ್ತದೆ. ಮೊದಲು ಸ್ಕೆಚ್, ಆಮೇಲೆ ಎಕ್ಸ್‌ಟ್ರೂಡ್, ಆಮೇಲೆ ಕಿಂಡಿ, ಆಮೇಲೆ ಮೂಲೆ ಉರುಟು ಮಾಡಿದ್ದು, ಹೀಗೆ ಕ್ರಮವಾಗಿ. ಮೇಲಿನದನ್ನು ಬದಲಿಸಿದರೆ ಕೆಳಗಿನದೆಲ್ಲ ಮತ್ತೆ ಲೆಕ್ಕವಾಗುತ್ತದೆ. ಹಾಗಾಗಿ ಮೂಲೆ ಉರುಟು ಮಾಡುವುದನ್ನು ಕೊನೆಗಿಟ್ಟುಕೊಳ್ಳುವುದು ಜಾಣತನ. ಇದರಲ್ಲಿ ಒಂದು ಹಳೇ ತಲೆನೋವಿತ್ತು. ತಂತ್ರಾಂಶ ವಸ್ತುವಿನ ಅಂಚುಗಳಿಗೆ ನಂಬರ್ ಕೊಟ್ಟಿರುತ್ತದೆ. ಮೇಲೆಲ್ಲೋ ಒಂದು ತೂತು ಸೇರಿಸಿದರೆ ನಂಬರುಗಳು ಆಚೀಚೆಯಾಗಿ, ಉರುಟು ಮಾಡಿದ್ದು ಬೇರೆ ಯಾವುದೋ ಅಂಚಿಗೆ ಹೋಗಿ ಕೂರುತ್ತಿತ್ತು. ಫ್ರೀಕ್ಯಾಡ್ ಬಳಸುವವರನ್ನು ಇದು ವರ್ಷಗಟ್ಟಲೆ ಕಾಡಿತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಬಹುಪಾಲು ಸರಿಮಾಡಿದ್ದಾರೆ. ಹಳೆಯ ಆವೃತ್ತಿ ಹಾಕಿಕೊಂಡು "ಇದು ಕೆಲಸಕ್ಕೆ ಬಾರದ್ದು" ಅನ್ನುವವರು ಹೊಸದನ್ನೊಮ್ಮೆ ನೋಡಬೇಕು.

ಯಾವ ತಂತ್ರಾಂಶ ಅನ್ನುವ ಪ್ರಶ್ನೆ ಹೇಗೂ ಬಂತಲ್ಲ, ಹೇಳಿಬಿಡುತ್ತೇನೆ. ಆನ್‌ಶೇಪ್ ಬ್ರೌಸರಿನಲ್ಲೇ ಓಡುತ್ತದೆ, ದುಬಾರಿ ಕಂಪ್ಯೂಟರ್ ಬೇಡ. ಆದರೆ ಇಂಟರ್ನೆಟ್ ಬೇಕೇ ಬೇಕು, ಸಾಮಾನ್ಯ ಪುಕ್ಕಟೆ ಖಾತೆಯಲ್ಲಿ ಮಾಡಿದ್ದೆಲ್ಲ ಸಾರ್ವಜನಿಕವಾಗಿರುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ಹಳ್ಳಿಗಳ ನೆಟ್‌ವರ್ಕ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಫ್ರೀಕ್ಯಾಡ್ ಪೂರ್ತಿ ಪುಕ್ಕಟೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಕಲಿಯಲು ಮೊದಮೊದಲು ಒರಟು ಅನಿಸುತ್ತದೆ. ಕಳ್ಳ ಕಾಪಿ ಹಾಕಿಕೊಳ್ಳುವುದಕ್ಕಿಂತ ಅದು ಎಷ್ಟೋ ವಾಸಿ. ಬ್ಲೆಂಡರ್ ಚೆನ್ನಾಗಿದೆ, ಆದರೆ ಅದು ಬೇರೆ ಜಾತಿ. ಅದರಲ್ಲಿ ವಸ್ತುವಿನ ಮೇಲ್ಮೈಯನ್ನು ಸಣ್ಣಸಣ್ಣ ತುಂಡುಗಳಿಂದ ಜೋಡಿಸಿರುತ್ತಾರೆ. ಗೊಂಬೆ, ಮುಖ, ಸಿನಿಮಾ ದೃಶ್ಯಗಳಿಗೆ ಅದು ಸರಿ. 'ಈ ತೂತು 12 ಮಿಲಿಮೀಟರ್' ಅಂತ ಲೆಕ್ಕ ಇಟ್ಟು ಆಮೇಲೆ 11 ಮಾಡುವ ಕೆಲಸಕ್ಕೆ ಕ್ಯಾಡ್, ಅಂದರೆ ಅಳತೆ ಹಿಡಿದು ವಿನ್ಯಾಸ ಮಾಡುವ, ತಂತ್ರಾಂಶವೇ ಬೇಕು.

ಗುಂಡಗಿನ ವಸ್ತುಗಳಿಗೆ ರಿವಾಲ್ವ್ ಅನ್ನುವ ಸಾಧನವಿದೆ. ಅರ್ಧ ಆಕಾರವನ್ನು ಎಳೆದು, ನಡುವಿನ ಅಕ್ಷದ ಸುತ್ತ ಒಂದು ಸುತ್ತು ತಿರುಗಿಸಿದರೆ ವಸ್ತು ತಯಾರು. ಇದಕ್ಕೆ ತಂಬಿಗೆಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರ ಹಿಂದೆಯೇ. ಆ ವರದಿಯಲ್ಲಿ ಅವರು ಮನಸಾರೆ ಹೊಗಳಿದ್ದು ನಮ್ಮ ತಂಬಿಗೆಯನ್ನು. ಅದನ್ನು ಈಗ ಹೊಸದಾಗಿ ವಿನ್ಯಾಸ ಮಾಡಬೇಕಾದರೆ ಏನೇನು ಯೋಚಿಸಬೇಕು ಅಂತ ಪಟ್ಟಿಯನ್ನೇ ಮಾಡಿದರು. ಎಷ್ಟು ನೀರು ಹಿಡಿಯಬೇಕು, ಹಿಡಿಯುವವರ ಕೈ ಎಷ್ಟು ದೊಡ್ಡದು, ಸೊಂಟದ ಮೇಲೆ ಹೇಗೆ ಕೂರುತ್ತದೆ, ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ, ಸುರಿಯುವಾಗ ನೀರು ಹೇಗೆ ಬೀಳುತ್ತದೆ.

ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ತಂತ್ರಾಂಶ ತಕ್ಷಣ ಉತ್ತರ ಕೊಡುತ್ತದೆ. ಶೆಲ್ ಅನ್ನುವ ಸಾಧನದಿಂದ ಒಳಗೆ ಟೊಳ್ಳು ಮಾಡಿ, ಲೋಹ ಹಿತ್ತಾಳೆ ಅಂತ ಹೇಳಿದರೆ ತೂಕವನ್ನು ಅದೇ ಲೆಕ್ಕ ಹಾಕುತ್ತದೆ. ಹಿತ್ತಾಳೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ. ಒಂದು ಲೀಟರಿನ ತಂಬಿಗೆಯ ಗೋಡೆ 1 ಮಿಲಿಮೀಟರ್ ಇದ್ದರೆ ತೂಕ ಅರ್ಧ ಕೆಜಿಯ ಆಸುಪಾಸು ಬರುತ್ತದೆ. 2 ಮಾಡಿದರೆ ಹೆಚ್ಚುಕಮ್ಮಿ ದುಪ್ಪಟ್ಟು, ಅಂದರೆ ಒಳಗಿನ ನೀರಿನಷ್ಟೇ ತೂಕ. ತೂಕದ ನಡುಬಿಂದು ಎಲ್ಲಿದೆ ಅಂತಲೂ ತೋರಿಸುತ್ತದೆ. ಕುತ್ತಿಗೆಯೊಳಗೆ ಕೈ ಹಾಕಿ ಹುಣಸೆಹಣ್ಣು ತಿಕ್ಕಿ ತೊಳೆಯಲು ಆಗುತ್ತದಾ ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಅದಕ್ಕೆ ಮನೆಯಲ್ಲಿ ಪಾತ್ರೆ ತೊಳೆಯುವವರನ್ನೇ ಕೇಳಬೇಕು.

ಎರಡು ಭಾಗ ಒಂದಕ್ಕೊಂದು ಕೂರುವಲ್ಲಿ ಕ್ಲಿಯರೆನ್ಸ್, ಅಂದರೆ ನಡುವೆ ಎಷ್ಟು ಸಂದು ಬಿಡಬೇಕು ಅನ್ನುವ ವಿಷಯ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ಮಕ್ಕಳಿಗೆ ಇದನ್ನು ಹೇಳಿಕೊಡಲು ದೋಟಿ, ಅಂದರೆ ನೆಲದಲ್ಲೇ ನಿಂತು ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಕೋಲು, ಸಾಕು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ಕಾರ್ಬನ್ ಫೈಬರ್ ದೋಟಿಗಳು ತೋಟಕ್ಕೆ ಬಂದವು. ಒಂದರೊಳಗೊಂದು ಕೂರುವ ಕೊಳವೆಗಳು, ಬೇಕಾದಷ್ಟು ಎಳೆದು ಉದ್ದ ಮಾಡಿಕೊಳ್ಳಬಹುದು. ಹೊರಗಿನ ಕೊಳವೆಯ ಒಳವ್ಯಾಸವೂ ಒಳಗಿನದರ ಹೊರವ್ಯಾಸವೂ ಒಂದೇ ಅಂತ ಪರದೆಯಲ್ಲಿ ಬರೆದರೆ ಮಾಡೆಲ್ ಅಂದವಾಗಿ ಕೂರುತ್ತದೆ. ನಿಜದಲ್ಲಿ ಕೊಳವೆ ಒಳಗೇ ಹೋಗದು. ನಡುವೆ ಸ್ವಲ್ಪ ಜಾಗ ಬಿಡಬೇಕು. ಎಷ್ಟು?

ಅರ್ಧ ಮಿಲಿಮೀಟರ್ ಬಿಟ್ಟೆವು ಅಂದುಕೊಳ್ಳಿ. ಕೊಳವೆಗಳು ಒಂದರೊಳಗೊಂದು 200 ಮಿಲಿಮೀಟರ್ ಉದ್ದಕ್ಕೆ ಹೊಕ್ಕಿವೆ. 200ಕ್ಕೆ ಅರ್ಧ ಮಿಲಿಮೀಟರ್ ವಾಲಿದರೆ, 10 ಮೀಟರ್ ಮೇಲೆ ತುದಿ 25 ಮಿಲಿಮೀಟರ್ ವಾಲುತ್ತದೆ. ಇದು ಬುಡದ ಒಂದು ಕೀಲಿನ ಲೆಕ್ಕ. ಮೇಲೆ ಇನ್ನೂ ಕೀಲುಗಳಿವೆ, ಒಂದೊಂದೂ ತನ್ನ ಪಾಲು ಸೇರಿಸುತ್ತದೆ. ಕೊಳವೆ ಬಗ್ಗುವುದು ಬೇರೆಯೇ. ಸಂದು ಕಡಿಮೆ ಮಾಡಿದರೆ ಮಣ್ಣು, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ ಸಿಕ್ಕಿಕೊಂಡು ಕೊಳವೆ ಜಾಮ್ ಆಗುತ್ತದೆ. ಹೊಕ್ಕ ಉದ್ದವನ್ನು 400 ಮಾಡಿದರೆ ವಾಲುವುದು ಅರ್ಧಕ್ಕಿಳಿಯುತ್ತದೆ, ಆದರೆ ತೂಕ ಏರುತ್ತದೆ. ಇಲ್ಲೂ ಅದೇ ಎಳೆದಾಟ.

ಮತ್ತೆ ಸೂಜಿಗೆ ಬರೋಣ. ಪರದೆಯಿಂದ ಕೈಗೆ ತರಲು ತ್ರೀಡಿ ಪ್ರಿಂಟರ್ ಇದೆ. ಪ್ಲಾಸ್ಟಿಕ್ ತಂತಿಯನ್ನು ಕರಗಿಸಿ ಪದರದ ಮೇಲೆ ಪದರ ಹಾಕುತ್ತ ಹೋಗುವ ಯಂತ್ರ. ಸಾಮಾನ್ಯವಾಗಿ ಅದರ ಮೂತಿಯ ತೂತು 0.4 ಮಿಲಿಮೀಟರ್, ಪದರದ ಎತ್ತರ 0.2. ನಮ್ಮ 1.6ರ ಸಪೂರ ನಾಲಿಗೆ ಅಂದರೆ ಪಕ್ಕಪಕ್ಕ ನಾಲ್ಕೇ ನಾಲ್ಕು ಎಳೆ. ಪದರ ಪದರ ಅಂಟಿರುವ ಜಾಗವೇ ಇದರಲ್ಲಿ ದುರ್ಬಲ. ಸೂಜಿಯನ್ನು ಮಲಗಿಸಿ ಪ್ರಿಂಟ್ ಮಾಡಿದರೆ ಎಳೆಗಳು ನಾಲಿಗೆಯ ಉದ್ದಕ್ಕೆ ಓಡುತ್ತವೆ, ದಾರ ತುಂಬುವಾಗ ಬಗ್ಗಿಸಿದರೆ ತಾಳಿಕೊಳ್ಳುತ್ತದೆ. ನಿಲ್ಲಿಸಿ ಮಾಡಿದರೆ ನಾಲಿಗೆ ಬುಡದಲ್ಲಿ ಪಟ್ಟನೆ ಮುರಿಯುತ್ತದೆ. ಎರಡೂ ಮಾಡಿ ಮಕ್ಕಳ ಕೈಯಲ್ಲೇ ಮುರಿಸಿದರೆ ಹತ್ತು ಪುಟದ ಪಾಠ ಉಳಿಯಿತು.

ನಾಲಿಗೆಯ ಬುಡದ ಚೂಪು ಮೂಲೆಯನ್ನು ಫಿಲೆಟ್ ಸಾಧನದಿಂದ ಉರುಟು ಮಾಡಿ. ಅಂದಕ್ಕಲ್ಲ ಅದು. ಬಗ್ಗಿಸಿದಾಗ ಒತ್ತಡವೆಲ್ಲ ಚೂಪು ಮೂಲೆಯಲ್ಲೇ ಸೇರುತ್ತದೆ, ಬಿರುಕು ಶುರುವಾಗುವುದು ಅಲ್ಲಿಂದಲೇ. ಸೂಜಿ ಮೆತ್ತಗಾಯಿತು ಅಂದರೆ ದಪ್ಪ ಏರಿಸಿ. ಬಗ್ಗದಿರುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, 2ರಿಂದ 3 ಮಿಲಿಮೀಟರಿಗೆ ಹೋದರೆ ಮೂರು ಪಟ್ಟಿಗಿಂತ ಜಾಸ್ತಿ.

ಪ್ರಿಂಟರಿನ ಪ್ಲಾಸ್ಟಿಕ್ ನಮ್ಮ ಕರಾವಳಿಯ ಹವೆಗೆ ಒಗ್ಗುವುದಿಲ್ಲ. ತಂತಿ ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಹೊರಗಿಟ್ಟ ಸುರುಳಿ ಹಾಕಿದರೆ ಚಟಪಟ ಸದ್ದು, ಮೇಲ್ಮೈ ಒರಟು, ಎಲ್ಲೆಡೆ ನೂಲು ನೂಲು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಪಿಎಲ್‌ಎ ಅನ್ನುವ ಸಾಮಾನ್ಯ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿಟ್ಟರೆ ಸೊಟ್ಟಗಾಗಬಹುದು. ಮಾದರಿ ಮಾಡಲು ಅದು ಸಾಕು, ಬಳಸುವ ಸೂಜಿಗೆ ಪಿಇಟಿಜಿ ಅನ್ನುವ ಪ್ಲಾಸ್ಟಿಕ್ಕೋ ನೈಲಾನೋ ವಾಸಿ. ಸಾವಿರಗಟ್ಟಲೆ ಸೂಜಿ ಬೇಕಾದರೆ ಪ್ರಿಂಟರ್ ಬಿಟ್ಟು ಅಚ್ಚಿಗೆ ಹೋಗಬೇಕು. ಅಚ್ಚಿನಿಂದ ವಸ್ತು ಜಾರಿ ಹೊರಬರಲು ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಬೇಕು. ಪ್ಲಾಸ್ಟಿಕ್ ಬಕೆಟ್ ಮೇಲೆ ಅಗಲ, ಕೆಳಗೆ ಕಿರಿದು ಇರುವುದಕ್ಕೆ ಇದೂ ಒಂದು ಕಾರಣ.

ಲೇತ್ ಅಂಗಡಿಗೆ ಕೊಡಬೇಕಾದರೆ ಕಾಗದದ ಡ್ರಾಯಿಂಗ್ ಇನ್ನೂ ಬೇಕು. ಇಲ್ಲಿ ಒಂದು ಎಚ್ಚರಿಕೆ. ಭಾರತದಲ್ಲಿ ನಾವು ಕಲಿಯುವುದು ಫಸ್ಟ್ ಆ್ಯಂಗಲ್ ಪದ್ಧತಿ. ಮೇಲಿನಿಂದ ಕಂಡದ್ದನ್ನು ಎದುರಿನ ನೋಟದ ಕೆಳಗೆ ಬರೆಯುತ್ತೇವೆ. ಅಮೆರಿಕದಲ್ಲಿ ಥರ್ಡ್ ಆ್ಯಂಗಲ್, ಅಲ್ಲಿ ಅದು ಮೇಲೆ ಬರುತ್ತದೆ. ತಂತ್ರಾಂಶ ಯಾವುದಕ್ಕೆ ಸೆಟ್ ಆಗಿದೆ ಅಂತ ನೋಡದೆ ಪ್ರಿಂಟ್ ತೆಗೆದರೆ ತೂತು ಎದುರು ಬದಿಗೆ ಬಿದ್ದೀತು. ಫೈಲ್ ಕಳಿಸುವುದಾದರೆ ಎಸ್‌ಟಿಎಲ್ ಅನ್ನುವ ಬಗೆಯ ಫೈಲ್ ಪ್ರಿಂಟರಿಗೆ ಮಾತ್ರ, ಅದರಲ್ಲಿ ಬರೀ ತ್ರಿಕೋನಗಳಿರುತ್ತವೆ. ಇನ್ನೊಬ್ಬರು ತಿದ್ದಬೇಕಾದರೆ ಸ್ಟೆಪ್ ಫೈಲ್ ಕಳಿಸಿ.

ಪ್ರಿಂಟಾದ ಸೂಜಿಯನ್ನು ಬಂದರಿಗೆ ಒಯ್ದು ಕೊಡಬೇಕು. ಕೊಟ್ಟು ಬಾಯಿ ಮುಚ್ಚಿಕೊಂಡು ನೋಡಬೇಕು. ಅಂಚು ಒರಟಾಗಿ ದಾರ ಸವೆಯುತ್ತಿದೆಯಾ, ಮೂತಿ ಜಾಸ್ತಿ ಚೂಪಾಗಿ ಪಕ್ಕದ ಎಳೆಗೆ ಚುಚ್ಚಿಕೊಳ್ಳುತ್ತಿದೆಯಾ, ಒದ್ದೆ ಕೈಯಲ್ಲಿ ಜಾರುತ್ತಿದೆಯಾ. ಬಂದ ಮಾತನ್ನು ಅಳತೆಯಾಗಿ ಬದಲಿಸಿ ಮಾಡೆಲ್ಲಿಗೆ ವಾಪಸ್ ಹಾಕುವುದು ಮುಂದಿನ ತರಗತಿಯ ಕೆಲಸ.

ಇನ್ನು ಪರೀಕ್ಷೆ. ಕೊಟ್ಟ ಚಿತ್ರವನ್ನು ಹಾಗೇ ಬಿಡಿಸುವುದಕ್ಕೆ ನಾನು ಕಡಿಮೆ ಅಂಕ ಇಡುತ್ತೇನೆ. ಪ್ರತಿಯೊಬ್ಬರ ಮಾಡೆಲ್ ತೆರೆದು ಕಣ್ಣಿನ ಅಳತೆಯನ್ನು 40ರಿಂದ 30ಕ್ಕೆ ಇಳಿಸಬೇಕು. ಸೂಜಿ ಚೂರುಚೂರಾಗದೆ, ದಾರ ಹೋಗುವಷ್ಟು ಸಂದು ಉಳಿಸಿಕೊಂಡು ನಿಂತರೆ ಅರ್ಧ ಅಂಕ ಅಲ್ಲೇ ಬಂತು. ಆಮೇಲೆ ಯಾವುದಾದರೂ ಮೂರು ಅಳತೆ ತೋರಿಸಿ ಯಾಕೆ ಅಂತ ಕೇಳಬೇಕು. "ದಾರ ಇಷ್ಟು ದಪ್ಪ ಇತ್ತು ಸರ್, ಅದಕ್ಕೆ" ಅಂದರೆ ಪೂರ್ತಿ ಅಂಕ. "ಅಂದಾಜಿಗೆ ಇಟ್ಟೆ, ಪ್ರಿಂಟ್ ಮಾಡಿ ನೋಡಬೇಕು" ಅಂದರೂ ಅಂಕ ಕೊಡಬಹುದು. ಅಂದಾಜು ಯಾವುದು, ಅಳೆದದ್ದು ಯಾವುದು ಅಂತ ಆ ಹುಡುಗನಿಗೆ ಗೊತ್ತಿದೆ.